ಅಲಂಕೃತ ಯುಕುಲೇಲಿಗಳು: ಕುಸುರಿಯ ಸಾಕ್ಷ್ಯ

ಸಭಿಕರೇ,

ಗಿಟಾರನ್ನು ಹೋಲುವ, ನಾಲ್ಕು ತಂತಿಯ ಪುಟ್ಟ ಹವಾಯಿಯನ್ ವಾದ್ಯ ಯುಕುಲೇಲಿ. ಹಳೆಯ ಯುಕುಲೇಲಿಗಳ ಸಂಗ್ರಾಹಕರಲ್ಲಿ ನಾದಕ್ಕೆ ಮಾರುಹೋದವರು ಕೆಲವರು, ಅಲಂಕಾರಕ್ಕೆ ಮಾರುಹೋದವರು ಕೆಲವರು. ಮೊದಲಿನವರು ಎರಡನೆಯವರನ್ನು ತುಸು ಹಗುರವಾಗಿ ಕಾಣುವುದುಂಟು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ; ವಾದ್ಯವೊಂದು ಯಾವಾಗ ಹುಟ್ಟಿತು, ಆಮೇಲೆ ಅದನ್ನು ಯಾರಾದರೂ ತಿದ್ದಿದರೇ ಎಂಬುದನ್ನು ಅದರ ಕುಸುರಿ ಕೆಲಸದಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳುವುದಿಲ್ಲ.

1879ರಲ್ಲಿ ಪೋರ್ಚುಗಲ್‌ನ ಮಡೀರಾ ದ್ವೀಪದಿಂದ ರೇವನ್ಸ್‌ಕ್ರಾಗ್ ಹಡಗಿನಲ್ಲಿ ಹವಾಯಿಯ ಹೊನೊಲುಲುವಿಗೆ ಬಂದಿಳಿದ ವಲಸಿಗರಲ್ಲಿ ಮ್ಯಾನುಯೆಲ್ ನ್ಯೂನೆಸ್, ಅಗಸ್ಟೊ ಡಿಯಾಸ್ ಮತ್ತು ಜೋಸೆ ಡೊ ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಮರಗೆಲಸಗಾರರಿದ್ದರು. ತಮ್ಮ ನಾಡಿನ ಪುಟ್ಟ ತಂತಿವಾದ್ಯವಾದ ಮಶೇಟ್‌ನ ರೂಪವನ್ನು ಅವರು ಹವಾಯಿಯಲ್ಲಷ್ಟೇ ಬೆಳೆಯುವ ಕೋವಾ ಮರಕ್ಕೆ ಒಗ್ಗಿಸಿದರು. ಕಪ್ಪು-ಬಿಳುಪು ಮರದ ಚೂರುಗಳನ್ನು ಓರೆಯಾಗಿ ಜೋಡಿಸಿ ಹೊಸೆದ ಹಗ್ಗದಂತೆ ತೋರಿಸುವ ಅಂಚುಪಟ್ಟಿ ಹವಾಯಿಯ ಹಳೆಯ ವಾದ್ಯಗಳ ಗುರುತಾಯಿತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕದ ಮುಖ್ಯಭೂಮಿಯಲ್ಲಿ ಬೇಡಿಕೆ ಉಕ್ಕಿ, ಪೆನ್ಸಿಲ್ವೇನಿಯಾದ ಮಾರ್ಟಿನ್ ಕಂಪನಿ 1916ರಿಂದ ಕ್ರಮಬದ್ಧವಾಗಿ ಯುಕುಲೇಲಿ ತಯಾರಿಸತೊಡಗಿತು. 1922ರಲ್ಲಿ ಬಂದ ಅದರ 5ಕೆ ಮಾದರಿಯೇ ಇಂದಿಗೂ ಸಂಗ್ರಾಹಕರ ಕಣ್ಮಣಿ: ಒಡಲು ಅಲೆಯಲೆಯಾಗಿ ಹೊಳೆಯುವ ಕೋವಾ, ಅಂಚಿನ ಸುತ್ತ ಅಬಲೋನಿ ಎಂಬ ಕಡಲ ಬಸವನಹುಳುವಿನ ಹೊಳೆಯುವ ಚಿಪ್ಪಿನ ಸಾಲು.

ಆ ಚಿಪ್ಪಿನ ಸಾಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಬಲೋನಿ ಚಿಪ್ಪು ಸ್ವಭಾವತಃ ಬಾಗಿದ್ದು, ಅದರಿಂದ ಚಪ್ಪಟೆಯಾದ ಉದ್ದ ಪಟ್ಟಿ ಸಿಗದ ಕಾರಣ, ಅಂದಿನ ಕುಶಲಕರ್ಮಿಗಳು ಚಿಕ್ಕ ಚಿಕ್ಕ ತುಣುಕುಗಳನ್ನು ಕೊಯ್ದು ಒಂದರ ಪಕ್ಕ ಒಂದನ್ನು ಕೂರಿಸುತ್ತಿದ್ದರು. ಭೂತಗನ್ನಡಿ ಹಿಡಿದರೆ ಸಂದುಗಳು ಕಾಣುತ್ತವೆ, ತುಣುಕಿನಿಂದ ತುಣುಕಿಗೆ ಬಣ್ಣ ದಿಢೀರನೆ ಬದಲಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಬಂದಿರುವ, ತೆಳುಪದರಗಳನ್ನು ಅಂಟಿಸಿ ಒತ್ತಿ ಮಾಡಿದ ಹಾಳೆಯಿಂದ ಕತ್ತರಿಸಿದ ಪಟ್ಟಿಯಲ್ಲಾದರೋ ಬಣ್ಣ ಸಂದಿಲ್ಲದೆ ಹರಿಯುತ್ತದೆ. ಸಾದಾ ಮಾರ್ಟಿನ್ ವಾದ್ಯಕ್ಕೆ ಚಿಪ್ಪು ಹೊದಿಸಿ 5ಕೆ ಎಂದು ಮಾರುವುದು ಅಸಾಧ್ಯವೇನಲ್ಲ. ಕಂಪನಿಯು ಯುಕುಲೇಲಿಗಳಿಗೆ ಕ್ರಮಸಂಖ್ಯೆ ಒತ್ತುವುದನ್ನು ಆರಂಭದಲ್ಲೇ ಕೈಬಿಟ್ಟಿದ್ದರಿಂದ ಇಂಥ ವೇಷವನ್ನು ಬಯಲಿಗೆಳೆಯಲು ಸಂಖ್ಯೆಯ ಆಸರೆಯೂ ಇಲ್ಲ.

ಚಿತ್ರಿಸಿದ ವಾದ್ಯಗಳ ಪರೀಕ್ಷೆ ಬೇರೆ. ಗಿಬ್ಸನ್ ಕಂಪನಿಯ ಅಪರೂಪದ ಪಾಯಿನ್ಸೆಟಿಯಾ ಮಾದರಿಯಲ್ಲಿ ಒಡಲ ಮೇಲೆ ಕೆಂಪು ಹೂಗಳನ್ನು ಬಣ್ಣದಲ್ಲಿ ಬರೆಯಲಾಗಿದೆ, ಬೆರಳುಪಟ್ಟಿಗೆ ಮುತ್ತಿನ ಹೊಳಪಿನ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಹೊದಿಸಲಾಗಿದೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಹಳೆಯ ಅರಗಿನ ಲೇಪ ಕಿತ್ತಳೆ ಬಣ್ಣದಲ್ಲೂ, ನೈಟ್ರೋಸೆಲ್ಯುಲೋಸ್ ಎಂಬ ರಾಸಾಯನಿಕ ಮೆರುಗೆಣ್ಣೆಯ ಹಳೆಯ ಲೇಪ ಹಸಿರುಮಿಶ್ರಿತ ಹಳದಿಯಲ್ಲೂ ಬೆಳಗುತ್ತವೆ. ಮೇಲೆ ಹೊಸದಾಗಿ ತಿದ್ದಿದ ಜಾಗಗಳು ಸಾಮಾನ್ಯವಾಗಿ ಕಪ್ಪು ಮಚ್ಚೆಗಳಾಗಿ ಉಳಿದುಬಿಡುತ್ತವೆ. ಮಾಸಿದ ಹೂವಿಗೆ ಬಣ್ಣ ತುಂಬುವ ಉತ್ಸಾಹಿಗಳ ಬಗ್ಗೆ ನನಗೆ ಎಳ್ಳಷ್ಟೂ ಸಹಾನುಭೂತಿಯಿಲ್ಲ.

ಸೆಲ್ಯುಲಾಯ್ಡ್‌ನ ವಿಷಯದಲ್ಲಿ ಕೊನೆಯದಾಗಿ ಒಂದು ಮಾತು. ಅದು ಹಳತಾದಂತೆ ಒಳಗೊಳಗೇ ಕೊಳೆತು ಆಮ್ಲೀಯ ಅನಿಲ ಬಿಡುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಅನಿಲ ಸಿಲುಕಿಕೊಂಡರೆ ಬೆರಳುಪಟ್ಟಿಯ ಮೇಲೆ ಅಡ್ಡಲಾಗಿರುವ ಲೋಹದ ಮೆಟ್ಟಿಲುಪಟ್ಟಿಗಳು ಹಸಿರುಗಟ್ಟುತ್ತವೆ, ಸೆಲ್ಯುಲಾಯ್ಡ್‌ನ ಅಂಚುಪಟ್ಟಿಯಿದ್ದರೆ ಅದು ಬಿರುಕುಬಿಟ್ಟು ಉದುರುತ್ತದೆ, ಪಕ್ಕದ ವಾದ್ಯಕ್ಕೂ ಹಾನಿ ತಟ್ಟುತ್ತದೆ. ಆದ್ದರಿಂದ ಅಂಥ ವಾದ್ಯಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಸುಮಾರು ಶೇಕಡಾ 45ರಿಂದ 55ರಷ್ಟು ತೇವಾಂಶವಿರುವ, ಗಾಳಿಯಾಡುವ, ಬಿಸಿಲು ಬೀಳದ ಕಪಾಟಿನಲ್ಲಿಡಬೇಕು. ಪೆಟ್ಟಿಗೆಯನ್ನು ಅವುಗಳ ಸಾಗಣೆಗಷ್ಟೇ ಬಳಸಬೇಕು.