ಸದ್ದಿಲ್ಲದ ಗಾಡಿಯ ಸದ್ದು

ಕೇಳುಗರಿಗೆಲ್ಲ ನಮಸ್ಕಾರ.

1907ನೇ ಇಸವಿ. ಲಂಡನ್ನಿನಿಂದ ಗ್ಲಾಸ್ಗೋಗೆ, ಗ್ಲಾಸ್ಗೋದಿಂದ ಲಂಡನ್ನಿಗೆ ಒಂದು ಕಾರು ಹಗಲು ರಾತ್ರಿ ಎನ್ನದೆ ಓಡಾಡುತ್ತಿದೆ. ಮೈಗೆಲ್ಲ ಅಲ್ಯೂಮಿನಿಯಂ ಬಣ್ಣ, ದೀಪಗಳಿಗೆ ಬೆಳ್ಳಿಯ ಲೇಪ, ನಂಬರು ಎಎಕ್ಸ್ 201. ಓಟದ ಲೆಕ್ಕ ಇಡುವುದಕ್ಕೆ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಇದ್ದಾರೆ. 629ನೇ ಮೈಲಿಯಲ್ಲಿ ಗಾಡಿ ಒಮ್ಮೆ ನಿಂತುಬಿಟ್ಟಿತು. ನೋಡಿದರೆ, ರಸ್ತೆಯ ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತಾನಾಗಿಯೇ ಮುಚ್ಚಿಕೊಂಡಿದೆ. ನಲ್ಲಿ ತಿರುಗಿಸಿದರು, ಹೊರಟಿತು. ಅಲ್ಲಿಂದ ಮುಂದೆ 14,371 ಮೈಲಿ, ಅಂದರೆ ಸುಮಾರು 23,000 ಕಿಲೋಮೀಟರ್, ಟೈರು ಬದಲಾಯಿಸಲು ನಿಲ್ಲಿಸಿದ್ದನ್ನು ಬಿಟ್ಟರೆ, ಅದು ಕೆಟ್ಟು ನಿಲ್ಲಲೇ ಇಲ್ಲ. ಒಟ್ಟು 15,000 ಮೈಲಿ ಮುಗಿದ ಮೇಲೆ ಕ್ಲಬ್ಬಿನವರು ಇಡೀ ಗಾಡಿಯನ್ನು ಬಿಚ್ಚಿ ಹರಡಿಕೊಂಡು ಕೂತರು. ಸವೆದದ್ದು ಏನು, ಎಷ್ಟು ಎಂದು ಅಳೆದರು. ಬದಲಾಯಿಸಬೇಕಾದ ಬಿಡಿಭಾಗಗಳ ಬೆಲೆ ಎರಡು ಪೌಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಕಾರು ತೆಗೆದುಕೊಂಡು ಊರು ಬಿಟ್ಟರೆ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತೇವೆಂಬ ಭರವಸೆ ಯಾರಿಗೂ ಇಲ್ಲದಿದ್ದ ಕಾಲ ಅದು. ಆ ಗಾಡಿಗೆ ಇಟ್ಟ ಹೆಸರು ಸಿಲ್ವರ್ ಘೋಸ್ಟ್. ಬೆಳ್ಳಿಯ ದೆವ್ವ ಅನ್ನಿ. ದೆವ್ವದ ಹಾಗೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ ಎಂಬ ಹೆಗ್ಗಳಿಕೆ. ಕಟ್ಟಿದ ಕಂಪನಿ ರೋಲ್ಸ್ ರಾಯ್ಸ್.

ಇದೇ ಕಂಪನಿಯ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ. ರೋಲ್ಸ್ ರಾಯ್ಸ್ ಅಂದ ತಕ್ಷಣ ನಮಗೆ ಮಹಾರಾಜರು, ಸಿನಿಮಾ ನಟರು, ಕೋಟಿಗಟ್ಟಲೆ ಹಣ ನೆನಪಾಗುತ್ತದೆ. ಆದರೆ ಕಥೆ ಶುರುವಾಗುವುದು ಪೇಪರ್ ಮಾರುತ್ತಿದ್ದ ಒಬ್ಬ ಹುಡುಗನಿಂದ.

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಪೀಟರ್‌ಬರೋ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಅಪ್ಪನದು ಹಿಟ್ಟಿನ ಗಿರಣಿ, ಅದೂ ಕೈ ಹತ್ತಲಿಲ್ಲ. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಪೇಪರ್ ಮಾರಿದ, ಮನೆಮನೆಗೆ ಟೆಲಿಗ್ರಾಂ ಹಂಚಿದ. ಚಿಕ್ಕಮ್ಮನೊಬ್ಬಳು ಹಣ ಕಟ್ಟಿ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿಸಿದಳು. ಮೂರು ವರ್ಷಕ್ಕೆ ಅವಳ ಕೈಯೂ ಖಾಲಿಯಾಯಿತು, ಕಲಿಕೆ ಅರ್ಧಕ್ಕೇ ನಿಂತಿತು. ಶಾಲೆಗೆ ಹೋದದ್ದಂತೂ ಹೆಸರಿಗೆ ಮಾತ್ರ. ಇಂಥವನು 1884ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಣ್ಣದೊಂದು ವಿದ್ಯುತ್ ಸಾಮಾನಿನ ಕಾರ್ಖಾನೆ ತೆಗೆದ. ಮೊದಮೊದಲು ಕರೆಗಂಟೆಯಂಥ ಚಿಲ್ಲರೆ ಸಾಮಾನು, ಆಮೇಲೆ ಡೈನಮೊ, ಮುಂದೆ ವಿದ್ಯುತ್ ಕ್ರೇನು.

ನಲವತ್ತರ ಹತ್ತಿರ ಬಂದಾಗ ರಾಯ್ಸ್ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಫ್ರಾನ್ಸಿನ ಡೆಕೊವಿಲ್ ಕಂಪನಿಯದು. ಆ ಕಾಲಕ್ಕೆ ಒಳ್ಳೆಯ ಕಾರೇ. ಆದರೆ ಅದರ ಗಡಗಡ, ಅದರ ನಡುಕ ಇವನಿಗೆ ಸಹಿಸಲಾಗಲಿಲ್ಲ. ಬೇರೆಯವರಾದರೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಈತ ಗಾಡಿ ಬಿಚ್ಚಿ, ಯಾವ ಭಾಗ ಯಾಕೆ ಅದುರುತ್ತದೆ ಎಂದು ಹುಡುಕುತ್ತ ಕೂತ. ಕೊನೆಗೆ, ನಾನೇ ಮೂರು ಕಾರು ಕಟ್ಟಿ ನೋಡುತ್ತೇನೆ ಎಂದು ಹೊರಟ. 1904ರ ಏಪ್ರಿಲ್‌ನಲ್ಲಿ ಮೊದಲನೆಯದು ರಸ್ತೆಗೆ ಇಳಿಯಿತು. ಎರಡೇ ಸಿಲಿಂಡರ್, ಹತ್ತು ಕುದುರೆ ಶಕ್ತಿ. ಆ ದಿನ ಕಾರ್ಖಾನೆಯ ಕೆಲಸಗಾರರು ಖುಷಿಗೆ ಕೈಗೆ ಸಿಕ್ಕಿದ ಕಬ್ಬಿಣದ ಮೇಲೆಲ್ಲ ಸುತ್ತಿಗೆಯಲ್ಲಿ ಬಡಿದು ಗದ್ದಲ ಎಬ್ಬಿಸಿದರಂತೆ. ಗದ್ದಲ ಎದ್ದದ್ದು ಅವರಿಂದ, ಕಾರಿನಿಂದಲ್ಲ.

ಇನ್ನೊಬ್ಬ ಚಾರ್ಲ್ಸ್ ರೋಲ್ಸ್. ಇವನದು ಪೂರ್ತಿ ಬೇರೆ ಲೋಕ. ಲಾರ್ಡ್ ಲ್ಯಾಂಗಟಕ್ ಎಂಬ ಶ್ರೀಮಂತನ ಮೂರನೆಯ ಮಗ, ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿದವನು, ಬಲೂನು ಹತ್ತಿ ಹಾರುವ, ಕಾರು ರೇಸಿಗೆ ಇಳಿಯುವ ಸಾಹಸಿ. ಲಂಡನ್ನಿನಲ್ಲಿ ವಿದೇಶಿ ಕಾರುಗಳ ಅಂಗಡಿ ಇಟ್ಟಿದ್ದ. ನಮ್ಮ ಇಂಗ್ಲೆಂಡಿನದೇ ಒಂದು ಒಳ್ಳೆಯ ಕಾರು ಮಾರಲು ಸಿಗಬಾರದೇ ಎಂಬ ಕೊರಗು ಅವನಿಗೆ. ಇಬ್ಬರಿಗೂ ಬೇಕಾದ ಹೆನ್ರಿ ಎಡ್ಮಂಡ್ಸ್ ಎಂಬುವರು ಅವನನ್ನು ಮ್ಯಾಂಚೆಸ್ಟರಿಗೆ ಕರೆತಂದರು. 1904ರ ಮೇ 4ರಂದು ಮಿಡ್ಲೆಂಡ್ ಹೋಟೆಲಿನಲ್ಲಿ ಇಬ್ಬರೂ ಕೂತು ಊಟ ಮಾಡಿದರು. ಎರಡು ಸಿಲಿಂಡರಿನ ಗಾಡಿ ಎಂದರೆ ರೋಲ್ಸ್‌ಗೆ ತಾತ್ಸಾರ, ಅವು ವಿಪರೀತ ಅದುರುತ್ತವೆ ಎಂದು. ರಾಯ್ಸ್‌ನ ಗಾಡಿ ಹತ್ತಿ ಒಂದು ಸುತ್ತು ಬಂದದ್ದೇ ಸಾಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಪ್ಪಂದ: ರಾಯ್ಸ್ ಕಟ್ಟಿದ ಕಾರನ್ನೆಲ್ಲ ರೋಲ್ಸ್ ಮಾರಬೇಕು, ಹೆಸರು ರೋಲ್ಸ್ ರಾಯ್ಸ್. ಕಟ್ಟಿದವನ ಹೆಸರು ಹಿಂದೆ, ಮಾರಿದವನ ಹೆಸರು ಮುಂದೆ. ಲೋಕದ ರೂಢಿಯೇ ಹಾಗಲ್ಲವೇ!

ರೋಲ್ಸ್ ಹೆಚ್ಚು ದಿನ ಉಳಿಯಲಿಲ್ಲ. ಅವನ ಹುಚ್ಚು ಕಾರಿನಿಂದ ವಿಮಾನಕ್ಕೆ ಹಾರಿತ್ತು. 1910ರ ಜೂನ್‌ನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ನಿಲ್ಲದೆ ಹೋಗಿಬಂದು ಹೀರೋ ಆದ. ಮರುತಿಂಗಳೇ ಬೋರ್ನ್‌ಮೌತ್‌ನ ಪ್ರದರ್ಶನವೊಂದರಲ್ಲಿ ವಿಮಾನ ಮುರಿದು ಬಿದ್ದು ಸತ್ತ. ಆಗ ಅವನಿಗೆ 32 ವರ್ಷ.

ಈ ಜೋಡಿಯ ಮಧ್ಯೆ ಮೂರನೆಯವನೊಬ್ಬ ಇದ್ದ, ಕ್ಲಾಡ್ ಜಾನ್ಸನ್. ನನಗೆ ಕೇಳಿದರೆ ಈ ಕಥೆಯ ಜಾಣ ಇವನೇ. ಕಂಪನಿಯ ಆಡಳಿತವೆಲ್ಲ ಇವನ ಕೈಯಲ್ಲಿತ್ತು. ಇಂಗ್ಲಿಷಿನಲ್ಲಿ ಕಂಪನಿಯ ಹೆಸರು ಬರೆಯುವಾಗ ರೋಲ್ಸ್‌ಗೂ ರಾಯ್ಸ್‌ಗೂ ನಡುವೆ ಎರಡನ್ನೂ ಜೋಡಿಸುವ ಅಡ್ಡಗೆರೆ, ಅಂದರೆ ಹೈಫನ್, ಬರುತ್ತದಲ್ಲ, ಅದು ಇವನೇ ಎಂದು ಜನ ಕರೆಯುತ್ತಿದ್ದರು. ಮೊದಲು ಹೇಳಿದ ಬೆಳ್ಳಿ ಬಣ್ಣದ ಕಾರು, ಅದಕ್ಕಿಟ್ಟ ಹೆಸರು, ಆ 15,000 ಮೈಲಿಯ ಓಟ ಎಲ್ಲವೂ ಇವನ ತಲೆಯಿಂದ ಬಂದದ್ದು. ರಾಯ್ಸ್ ಕಾರಿನ ಸದ್ದು ಅಡಗಿಸಿದ, ಆ ಕಾರಿನ ಬಗ್ಗೆ ಊರೆಲ್ಲ ಸದ್ದು ಮಾಡಿದವನು ಜಾನ್ಸನ್. ಎರಡೂ ಇಲ್ಲದಿದ್ದರೆ ಆ ಕಾಲದ ನೂರಾರು ಕಾರು ಕಂಪನಿಗಳ ಹಾಗೆ ಇದೂ ಹೆಸರಿಲ್ಲದೆ ಹೋಗುತ್ತಿತ್ತು.

ಬಾನೆಟ್ಟಿನ ತುದಿಯಲ್ಲಿ ಮುಂದಕ್ಕೆ ಬಾಗಿ ನಿಂತ ಹೆಣ್ಣಿನ ಗೊಂಬೆ ಇದೆಯಲ್ಲ, ಅದರ ಹಿಂದೆಯೂ ಜಾನ್ಸನ್ ಇದ್ದಾನೆ. ಕೊಂಡವರು ಬೆಕ್ಕು, ಪೊಲೀಸಪ್ಪ ಎಂದು ಸಿಕ್ಕಿದ ಗೊಂಬೆಯನ್ನೆಲ್ಲ ರೇಡಿಯೇಟರಿನ ಮೇಲೆ ಕೂರಿಸಲು ಶುರು ಮಾಡಿದ್ದರು. ಇಷ್ಟು ಚಂದದ ಗಾಡಿಯ ಮೇಲೆ ಇದೇನು ಅವಲಕ್ಷಣ ಎಂದು ಅವನು ಚಾರ್ಲ್ಸ್ ಸೈಕ್ಸ್ ಎಂಬ ಶಿಲ್ಪಿಗೆ ಹೇಳಿ 1911ರಲ್ಲಿ ಕಂಪನಿಯದೇ ಗೊಂಬೆ ಮಾಡಿಸಿದ. ಸ್ಪಿರಿಟ್ ಆಫ್ ಎಕ್ಸ್ಟಸಿ ಎಂದು ಅದರ ಹೆಸರು. ಶಿಲ್ಪಕ್ಕೆ ರೂಪದರ್ಶಿ ಎಲಿನರ್ ಥಾರ್ನ್‌ಟನ್ ಎಂದು ಎಲ್ಲರೂ ಹೇಳುತ್ತಾರೆ. ಆಕೆ ಜಾನ್ ಮಾಂಟೆಗ್ಯು ಎಂಬ ಲಾರ್ಡ್ ಒಬ್ಬರ ಕಾರ್ಯದರ್ಶಿ. 1915ರ ಡಿಸೆಂಬರಿನಲ್ಲಿ, ಮೊದಲ ಮಹಾಯುದ್ಧದ ನಡುವೆ, ಅವರ ಜೊತೆ ಎಸ್.ಎಸ್. ಪರ್ಷಿಯಾ ಹಡಗಿನಲ್ಲಿ ಭಾರತಕ್ಕೆ ಹೊರಟಿದ್ದಳು. ಕ್ರೀಟ್ ದ್ವೀಪದ ಹತ್ತಿರ ಜರ್ಮನ್ ಜಲಾಂತರ್ಗಾಮಿ ಹಡಗನ್ನು ಮುಳುಗಿಸಿತು. ಮಾಂಟೆಗ್ಯು ಬದುಕಿದರು, ಎಲಿನರ್ ಉಳಿಯಲಿಲ್ಲ. ನಮ್ಮ ದೇಶಕ್ಕೆ ಬರಬೇಕಾಗಿದ್ದವಳು ಮೆಡಿಟರೇನಿಯನ್ ಪಾಲಾದಳು.

ಕಾರು ಮಾತ್ರ ಅದಕ್ಕೂ ಮೊದಲೇ ಇಲ್ಲಿಗೆ ಬಂದಿತ್ತು. 1908ರಲ್ಲಿ ಬೊಂಬಾಯಿಯಿಂದ ಕೊಲ್ಹಾಪುರದವರೆಗೆ ನಡೆದ ಓಟದಲ್ಲಿ ಪರ್ಲ್ ಆಫ್ ದಿ ಈಸ್ಟ್ ಎಂಬ ಸಿಲ್ವರ್ ಘೋಸ್ಟ್ ಸಹ್ಯಾದ್ರಿಯ ಘಾಟಿಗಳನ್ನು ಹತ್ತಿಳಿದು ಗೆದ್ದಿತು. ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡರು. ಮುಂದೆ ಸಂಸ್ಥಾನಗಳ ನಡುವೆ ಪೈಪೋಟಿ ಎದ್ದಿತು. ಹೈದರಾಬಾದಿನ ನಿಜಾಮರಿಗೆಂದು ಬಂದ ಹಳದಿ ಬಣ್ಣದ ಗಾಡಿಯಲ್ಲಿ ಹಿಂದಿನ ಸೀಟಿನ ಬದಲು ಸಿಂಹಾಸನವೇ ಇತ್ತು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಮ್ಮ ಮೈಸೂರು ಅರಮನೆಯವರು ಕೊಂಡರೆ ಏಳೇಳು ಕಾರನ್ನು ಒಟ್ಟಿಗೇ ಕೊಳ್ಳುತ್ತಿದ್ದರಂತೆ. ಹಾಗೆ ಯಾರಾದರೂ ಒಟ್ಟಾಗಿ ಕೊಂಡರೆ, ಮೈಸೂರಿನವರ ಹಾಗೆ ಮಾಡಿದರು ಎಂದು ಕಂಪನಿಯಲ್ಲಿ ಮಾತೇ ಇತ್ತಂತೆ. ಮೈಸೂರಿನ ಕಡೆಯವರಿಗೆ ಈ ಮಾತು ಕೇಳಲು ಹಿತ. ನನಗೂ ಹಿತವೇ. ಆದರೂ ಆ 'ಅಂತೆ'ಯನ್ನು ಬಿಡಬೇಡಿ.

ಏಕೆಂದರೆ ಈ ಕಾರಿನ ಸುತ್ತ ಅಂತೆಕಂತೆಗಳಿಗೆ ಬರವಿಲ್ಲ. ರಾಜಸ್ಥಾನದ ಅಲ್ವರ್ ಮಹಾರಾಜರನ್ನು ಲಂಡನ್ನಿನ ಶೋರೂಮಿನಲ್ಲಿ ಯಾರೋ ಅವಮಾನಿಸಿದರು, ಅವರು ಸಿಟ್ಟಿಗೆದ್ದು ಅಷ್ಟೂ ಕಾರು ಕೊಂಡು ಊರಿನ ಕಸ ಹೊರಲು ಬಿಟ್ಟರು, ಕಂಪನಿ ಕೈಮುಗಿದು ಕ್ಷಮೆ ಕೇಳಿತು ಎಂಬ ಕಥೆ ವರ್ಷಕ್ಕೊಮ್ಮೆಯಾದರೂ ವಾಟ್ಸಾಪಿನಲ್ಲಿ ಬರುತ್ತದೆ. ಇದೇ ಕಥೆಯನ್ನು ಪಟಿಯಾಲ, ಭರತಪುರ, ಹೈದರಾಬಾದಿನ ಮೇಲೂ ಹೇಳುತ್ತಾರೆ. ಕಥೆ ಒಂದೇ, ರಾಜರು ಮಾತ್ರ ಬದಲು. ನಡೆಯಿತು ಎನ್ನಲು ಗಟ್ಟಿ ದಾಖಲೆ ಯಾವುದೂ ಇಲ್ಲ. ಆದರೂ ನಾವು ಅದನ್ನು ಖುಷಿಯಿಂದ ಹಂಚುತ್ತೇವೆ. ಬಿಳಿಯರ ಸೊಕ್ಕು ಮುರಿದ ಕಥೆ ಯಾರಿಗೆ ಬೇಡ? ರೇಡಿಯೇಟರಿನ ಮೇಲಿನ ಎರಡು ಆರ್ ಅಕ್ಷರಗಳದೂ ಹೀಗೆಯೇ. ಕೆಂಪಗಿದ್ದವು 1933ರಲ್ಲಿ ಕಪ್ಪಾದದ್ದು ರಾಯ್ಸ್ ಸತ್ತ ಶೋಕಕ್ಕೆ ಎನ್ನುತ್ತಾರೆ. ನಿಜಕ್ಕೂ ಆ ತೀರ್ಮಾನ ಅವನು ಬದುಕಿದ್ದಾಗಲೇ ಆಗಿತ್ತು. ಗಿರಾಕಿಗಳು ಆರಿಸುವ ಬಣ್ಣಗಳಿಗೆ ಕೆಂಪು ಹೊಂದುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಎರಡನೇ ಮಹಾಯುದ್ಧದವರೆಗೆ ಈ ಕಂಪನಿ ಪೂರ್ತಿ ಕಾರು ಮಾರುತ್ತಲೇ ಇರಲಿಲ್ಲ. ನಮ್ಮಲ್ಲಿ ಲಾರಿ ಮಾಲೀಕರು ಚಾಸಿ ತಂದು ಬಾಡಿ ಕಟ್ಟಿಸುತ್ತಾರಲ್ಲ, ಹಾಗೆ. ಎಂಜಿನ್, ಚಾಸಿ, ರೇಡಿಯೇಟರ್ ಕಂಪನಿಯದು. ಮೇಲಿನ ಬಾಡಿಯನ್ನು ಬಾರ್ಕರ್, ಹೂಪರ್, ಮುಲ್ಲಿನರ್ ಮುಂತಾದವರ ಹತ್ತಿರ ಗಿರಾಕಿಯೇ ಕಟ್ಟಿಸಿಕೊಳ್ಳಬೇಕು. ಆದ್ದರಿಂದಲೇ ಹಳೆಯ ರೋಲ್ಸ್ ರಾಯ್ಸ್ ಒಂದರ ಹಾಗೆ ಇನ್ನೊಂದಿಲ್ಲ. ಹುಲಿ ಬೇಟೆಗೊಂದು, ಮೆರವಣಿಗೆಗೊಂದು, ಪರದೆ ಹಾಕಿದ ಜನಾನಾ ಗಾಡಿ ಇನ್ನೊಂದು.

ಈಗ ದುಡ್ಡಿನ ಕಥೆಗೆ ಬರೋಣ. ರಾಯ್ಸ್ ಕೊನೆಗಾಲದಲ್ಲಿ ಕಾಯಿಲೆಯವನಾಗಿ, ಕಾರ್ಖಾನೆಯಿಂದ ದೂರ, ಸಮುದ್ರದ ಬದಿಯ ವೆಸ್ಟ್ ವಿಟರಿಂಗ್ ಎಂಬ ಊರಿನ ಮನೆಯಲ್ಲಿ ಕೂತೇ ವಿಮಾನದ ಎಂಜಿನ್ನುಗಳ ವಿನ್ಯಾಸ ನಡೆಸಿದ. ಆ ದಾರಿಯಲ್ಲೇ ಮುಂದೆ ಮರ್ಲಿನ್ ಎಂಜಿನ್ ಬಂದದ್ದು, ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಹೃದಯವಾದದ್ದು. ಕಂಪನಿಗೆ ಕಾರಿಗಿಂತ ವಿಮಾನವೇ ದೊಡ್ಡ ವ್ಯವಹಾರವಾಯಿತು. ಆ ನಂಟು ಬೆಂಗಳೂರಿಗೂ ಬಂದಿದೆ: ನಮ್ಮ ವಾಯುಪಡೆಯ ಜಾಗ್ವಾರ್ ವಿಮಾನಗಳ ಅಡೂರ್ ಎಂಜಿನ್ನನ್ನು ಎಚ್‌ಎಎಲ್ ಇಲ್ಲೇ ಪರವಾನಗಿ ಪಡೆದು ತಯಾರಿಸಿತು. ಕಂಪನಿಯನ್ನು ಮುಳುಗಿಸಿದ್ದೂ ವಿಮಾನವೇ. ಆರ್‌ಬಿ 211 ಎಂಬ ಹೊಸ ಎಂಜಿನ್ನಿಗೆ ಸುರಿದ ಹಣಕ್ಕೆ ಮಿತಿಯಿಲ್ಲದಂತಾಗಿ, 1971ರ ಫೆಬ್ರುವರಿ 4ರಂದು ದಿವಾಳಿ. ಸರ್ಕಾರ ಎಂಜಿನ್ ವಿಭಾಗವನ್ನು ವಹಿಸಿಕೊಂಡಿತು. ಕಾರಿನ ವಿಭಾಗ ಬೇರೆಯಾಗಿ, 1980ರಲ್ಲಿ ವಿಕರ್ಸ್ ಕಂಪನಿಯ ಕೈಸೇರಿತು.

1998ರಲ್ಲಿ ವಿಕರ್ಸ್ ಅದನ್ನು ಮಾರಾಟಕ್ಕಿಟ್ಟಾಗ ನಡೆದದ್ದು ಒಳ್ಳೆಯ ನಾಟಕದ ವಸ್ತು. ಜರ್ಮನಿಯ ಎರಡು ಕಂಪನಿಗಳು ಹರಾಜಿಗೆ ಬಿದ್ದವು. ಫೋಕ್ಸ್‌ವ್ಯಾಗನ್ 43 ಕೋಟಿ ಪೌಂಡ್ ಕೊಟ್ಟು ಗೆದ್ದಿತು. ಕ್ರೂ ಊರಿನ ಕಾರ್ಖಾನೆ, ಬಾನೆಟ್ಟಿನ ಗೊಂಬೆ, ರೇಡಿಯೇಟರಿನ ಆಕಾರ, ಬೆಂಟ್ಲಿ ಕಾರಿನ ಹಕ್ಕು ಎಲ್ಲ ಸಿಕ್ಕಿತು. ಸಿಗದೇ ಹೋದದ್ದು ರೋಲ್ಸ್ ರಾಯ್ಸ್ ಎಂಬ ಹೆಸರೊಂದೇ! ಅದು ವಿಮಾನದ ಎಂಜಿನ್ ಕಂಪನಿಯ ಸ್ವತ್ತು. ಆ ಕಂಪನಿ ಹೆಸರನ್ನು ಬಿಎಂಡಬ್ಲ್ಯುಗೆ ಕೊಟ್ಟಿತು, ಬರೇ 4 ಕೋಟಿ ಪೌಂಡಿಗೆ. ಒಬ್ಬರ ಹತ್ತಿರ ಮನೆ, ಇನ್ನೊಬ್ಬರ ಹತ್ತಿರ ಮನೆಯ ಹೆಸರು. ಕೊನೆಗೆ ರಾಜಿಯಾಗಿ, 2002ರ ಕೊನೆಯವರೆಗೆ ಫೋಕ್ಸ್‌ವ್ಯಾಗನ್ ಕಾರು ಕಟ್ಟುವುದು, ಆಮೇಲೆ ರೋಲ್ಸ್ ರಾಯ್ಸ್ ಹೆಸರು, ಗೊಂಬೆ, ರೇಡಿಯೇಟರಿನ ಆಕಾರ ಬಿಎಂಡಬ್ಲ್ಯುಗೆ ಬಿಟ್ಟು, ಕ್ರೂ ಕಾರ್ಖಾನೆ ಮತ್ತು ಬೆಂಟ್ಲಿಯನ್ನು ತಾನೇ ಉಳಿಸಿಕೊಳ್ಳುವುದು ಎಂದಾಯಿತು. 2003ರ ಜನವರಿ 1, ಮಧ್ಯರಾತ್ರಿ ಕಳೆದ ಮೊದಲ ನಿಮಿಷದಲ್ಲಿ ಹೊಸ ಫ್ಯಾಂಟಮ್ ಕಾರಿನ ಕೀಲಿ ಗಿರಾಕಿಯ ಕೈಗೆ ಹೋಯಿತು.

ಈಗಿನ ಕಾರ್ಖಾನೆ ಇರುವುದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ, ರಾಯ್ಸ್ ಕೊನೆಯುಸಿರೆಳೆದ ಆ ಮನೆಯಿಂದ ಹೆಚ್ಚು ದೂರವಿಲ್ಲ. ಮಾಲೀಕರು ಜರ್ಮನರಾದರೂ ಕೈಕೆಲಸ ಇಂಗ್ಲೆಂಡಿನದೇ. ಕಾರಿನ ಪಕ್ಕದಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಹೋಗುತ್ತದೆ, ಗಮನಿಸಿದ್ದೀರಾ? ಅದನ್ನು ಎಳೆಯುವುದು ಯಂತ್ರವಲ್ಲ. ಹಿಂದೆ ಬೋರ್ಡು ಬರೆಯುತ್ತಿದ್ದ ಕಲಾವಿದರೊಬ್ಬರು ಅಳಿಲಿನ ಕೂದಲಿನ ಕುಂಚ ಹಿಡಿದು, ಕೈಯಲ್ಲೇ ಎಳೆಯುತ್ತ ಬಂದಿದ್ದಾರೆ. ಉಳಿದ ಬಣ್ಣವೆಲ್ಲ ಮುಗಿದ ಮೇಲೆ ಕೊನೆಗೆ ಈ ಗೆರೆ. ನಾನಾದರೆ ಆ ಬಾಗಿಲಿನ ಹತ್ತಿರ ಕುಂಚ ತರುವ ಧೈರ್ಯವನ್ನೇ ಮಾಡುತ್ತಿರಲಿಲ್ಲ. ಚಕ್ರದ ನಡುವಿನ ಎರಡು ಆರ್ ಅಕ್ಷರಗಳು ಚಕ್ರ ಎಷ್ಟೇ ತಿರುಗಿದರೂ ನೆಟ್ಟಗೇ ನಿಂತಿರುತ್ತವೆ. ಬಾಗಿಲಿನೊಳಗೆ ಕೊಡೆ ಇಡಲು ಗೂಡಿದೆ. ಇವೆಲ್ಲ ಬೇಕೇ ಎಂದರೆ ಬೇಡ. ಬೇಡದ್ದನ್ನು ಇಷ್ಟು ಶ್ರದ್ಧೆಯಿಂದ ಮಾಡುವುದಕ್ಕೇ ಜನ ದುಡ್ಡು ಕೊಡುವುದು. 2023ರಲ್ಲಿ ಇಡೀ ಜಗತ್ತಿನಲ್ಲಿ ಮಾರಾಟವಾದದ್ದು 6,032 ಕಾರು. ಬೆಂಗಳೂರಿನಲ್ಲಿ ಕಟಿಂಗ್ ಶಾಪ್ ನಡೆಸುತ್ತಲೇ ರೋಲ್ಸ್ ರಾಯ್ಸ್ ಕೊಂಡು ಬಾಡಿಗೆಗೆ ಬಿಟ್ಟವರೂ ಇದ್ದಾರೆ. ಮಹಾರಾಜರ ಕಥೆಗಳಿಗಿಂತ ನನಗೆ ಅದೇ ಹೆಚ್ಚು ಇಷ್ಟ.

ಸದ್ದಿನ ವಿಷಯದಲ್ಲಿ ಒಂದು ಮಾತು ಉಳಿಯಿತು. 1958ರಲ್ಲಿ ಡೇವಿಡ್ ಓಗಿಲ್ವಿ ಬರೆದ ಜಾಹೀರಾತು ಬಹಳ ಪ್ರಸಿದ್ಧ: ಗಂಟೆಗೆ 60 ಮೈಲಿ ವೇಗದಲ್ಲಿ ಈ ಕಾರಿನೊಳಗೆ ಕೇಳುವ ದೊಡ್ಡ ಸದ್ದೆಂದರೆ ಗಡಿಯಾರದ್ದು, ಎಂದು. ಅದನ್ನು ಓದಿದ ಕಂಪನಿಯ ಎಂಜಿನಿಯರೊಬ್ಬರು, ಹಾಗಾದರೆ ಆ ಹಾಳು ಗಡಿಯಾರಕ್ಕೆ ಏನಾದರೂ ಮಾಡಬೇಕಲ್ಲ ಎಂದರಂತೆ. 2020ರಲ್ಲಿ ಹೊಸ ಘೋಸ್ಟ್ ಕಾರು ಬಂತು. ಸದ್ದು ತಡೆಯಲೆಂದೇ ಅದಕ್ಕೆ 100 ಕಿಲೋಗೂ ಹೆಚ್ಚು ಸಾಮಗ್ರಿ ತುಂಬಿದರು. ತುಂಬಿದ ಮೇಲೆ ಒಳಗೆ ಕೂತವರಿಗೆ ಆ ನಿಶ್ಶಬ್ದದಲ್ಲಿ ತಲೆ ಸುತ್ತಿದಂತಾಯಿತಂತೆ. ಕೊನೆಗೆ ಎಂಜಿನಿಯರುಗಳೇ ಕೂತು ಒಂದಿಷ್ಟು ಸಣ್ಣ ಗುಂಯ್‌ಗುಡುವಿಕೆಯನ್ನು ವಾಪಸು ಸೇರಿಸಬೇಕಾಯಿತು!

ಈಗ ಬ್ಯಾಟರಿ ಕಾರು ಬಂದಿದೆ. ಕಂಪನಿಯ ಮೊದಲ ಬ್ಯಾಟರಿ ಕಾರು ಸ್ಪೆಕ್ಟರ್ 2023ರಿಂದ ರಸ್ತೆಯಲ್ಲಿದೆ. ಬ್ಯಾಟರಿ ಕಾರು ಸದ್ದಿಲ್ಲದ್ದು, ಚೊಕ್ಕಟವಾದದ್ದು, ವಾಸನೆ ನಡುಕ ಏನೂ ಇಲ್ಲ, ಆದರೆ ಅಲ್ಲಲ್ಲಿ ಚಾರ್ಜ್ ಮಾಡುವ ಜಾಗಗಳು ಆಗಬೇಕು ಎಂದು ಚಾರ್ಲ್ಸ್ ರೋಲ್ಸ್ 1900ರಲ್ಲೇ ಹೇಳಿದ್ದ. ಆದರೆ ನೂರು ವರ್ಷ ಈ ಕಂಪನಿ ದುಬಾರಿ ಬೆಲೆಗೆ ಮಾರಿದ ಮೌನ ಇವತ್ತು ಹತ್ತು ಲಕ್ಷದ ಬ್ಯಾಟರಿ ಕಾರಿನಲ್ಲೂ ಸಿಗುತ್ತದೆ. ಅಂದಮೇಲೆ ಕೊಳ್ಳುವವರು ಇನ್ನು ಯಾವುದಕ್ಕೆ ಕೋಟಿ ಕೊಡುತ್ತಾರೆ? ಕೈಯಲ್ಲಿ ಎಳೆದ ಆ ಗೆರೆಗೋ, ಬಾನೆಟ್ಟಿನ ಮೇಲಿನ ಗೊಂಬೆಗೋ, ನಾಲ್ಕು ಕೋಟಿ ಪೌಂಡಿಗೆ ಕೈಬದಲಾದ ಆ ಹೆಸರಿಗೋ? ಹೆಸರಿಗೇ ಎಂಬುದು ನನ್ನ ಊಹೆ.

ನಮಸ್ಕಾರ.