ಸತ್ಪ್ರಜೆ ಬೇಡ, ನಾಗರಿಕ ಸಾಕು

ಶಾಲೆಯ ವಾರ್ಷಿಕ ಗ್ಯಾದರಿಂಗಿನ ವೇದಿಕೆ ಸಿರ್ಸಿಯದಿರಲಿ, ಕಾರವಾರದ್ದಿರಲಿ, ಅತಿಥಿಗಳ ಭಾಷಣ ನಿಲ್ಲೋದು ಒಂದೇ ಕಡೆ: “ಮಕ್ಕಳೇ, ನಾಡಿನ ಸತ್ಪ್ರಜೆಗಳಾಗಿ.” ಈ ಪ್ರಜೆ ಅನ್ನೋ ಶಬ್ದದ ಮೇಲೆ ನನ್ನ ತಕರಾರಿದೆ. ಪ್ರಜೆ ಅಂದಕೂಡಲೇ ಎದುರಿಗೊಬ್ಬ ರಾಜ ಬಂದು ಕೂರ್ತಾನೆ. ರಾಜನ ಹತ್ತಿರ ಕೇಳೋದು ಕೃಪೆ, ಹಕ್ಕಲ್ಲ. ಸಂವಿಧಾನದ ಶಬ್ದ ನಾಗರಿಕ. ಕೆಲವು ಅನುವಾದಗಳಲ್ಲಿ ಪೌರ. ನಾಗರಿಕ ಅನ್ನೋದೂ ಪೂರ್ತಿ ಚೊಕ್ಕ ಶಬ್ದವೇನಲ್ಲ. ಕಾಡೊಳಗಿನವರನ್ನ ‘ಅನಾಗರಿಕ’ ಅಂತ ಹಂಗಿಸಿದ್ದು ಇದರ ಬಾಲ ಹಿಡಿದೇ. ಇರಲಿ.

ಬೆಳಗಿನ ಪ್ರಾರ್ಥನೆಯಲ್ಲಿ ಪೀಠಿಕೆ ಓದಿಸೋದು ಒಳ್ಳೇದೇ. ಆದರೆ ಬಾಯಿಪಾಠ ಆದಮೇಲೆ ಮುಂದೇನು? ಅಕ್ಕೋರು, ಮಾಸ್ತರುಗಳಿಗೆ ಒಂದು ಪಿರಿಯಡ್ಡಿನ ಕೆಲಸ ಹೇಳ್ತೇನೆ. ಸಂವಿಧಾನದ ಮೂರನೇ ಭಾಗ, 14ರಿಂದ 30ರವರೆಗಿನ ವಿಧಿಗಳು, ಮೂಲಪಾಠದ ಪ್ರತಿ ಹಂಚಿ. ಗೈಡು ಬೇಡ, ‘ಪ್ರಜೆಗಳ ಹಕ್ಕುಗಳು’ ಅಂತ ಅದರಲ್ಲಿ ಎಲ್ಲ ಕಲಸಿಹೋಗಿರುತ್ತೆ. ಎರಡು ಬಣ್ಣದ ಪೆನ್ಸಿಲ್ ಸಾಕು. ‘ವ್ಯಕ್ತಿ’ ಅಂತ ಬಂದಲ್ಲಿ ನೀಲಿ ಗೆರೆ, ‘ನಾಗರಿಕ’ ಬಂದಲ್ಲಿ ಕೆಂಪು.

ಕಾನೂನಿನ ಮುಂದೆ ಸಮಾನತೆ, 14ನೇ ವಿಧಿ: ನೀಲಿ. ಜೀವ ಮತ್ತು ಸ್ವಾತಂತ್ರ್ಯದ 21: ನೀಲಿ. ಬಂಧನವಾದರೆ ಏನೇನು ರಕ್ಷಣೆ ಅನ್ನೋ 22, ಧರ್ಮದ 25, ಇವೂ ನೀಲಿ. ತಾರತಮ್ಯ ಬೇಡ ಅನ್ನೋ 15, ಸರ್ಕಾರಿ ನೌಕರಿಯ 16, ಮಾತು, ಸಭೆ, ಸಂಘ, ಸಂಚಾರ, ವಾಸ, ಉದ್ಯೋಗದ 19: ಕೆಂಪು. ಮಕ್ಕಳು ತಡವರಿಸೋದು 17ರಲ್ಲಿ. ಅಸ್ಪೃಶ್ಯತೆ ರದ್ದಾಗಿದೆ ಅಂತ ಇದೆಯೇ ಹೊರತು ಅಲ್ಲಿ ವ್ಯಕ್ತಿಯೂ ಇಲ್ಲ, ನಾಗರಿಕನೂ ಇಲ್ಲ. ಗೆರೆ ಎಳೆಯದೇ ಬಿಡಿ. ಆಚರಿಸುವವನು ಸರ್ಕಾರಿ ನೌಕರನೋ ಪಕ್ಕದ ಮನೆಯವನೋ, ನಿಷೇಧ ಎಲ್ಲರ ಮೇಲೂ ಇದೆ.

ಈ ಎರಡು ಬಣ್ಣ ಯಾಕೆ ಬೇಕು ಅಂದರೆ, ದೂರ ಹೋಗೋದು ಬೇಡ, ಮುಂಡಗೋಡ ನೋಡಿ. 1966ರಿಂದ ಅಲ್ಲಿ ಟಿಬೆಟಿಯನ್ ಕ್ಯಾಂಪ್ ಇದೆ. ಭಾರತದ ಪೌರತ್ವ ಇಲ್ಲದ ಟಿಬೆಟಿಯನ್ ಹುಡುಗನನ್ನ ಪೊಲೀಸರು ಹಿಡಿದರೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪ್ರಯಾಣದ ಹೊತ್ತು ಇದರಲ್ಲಿ ಲೆಕ್ಕಕ್ಕಿಲ್ಲ. ಅದು ನೀಲಿ ಹಕ್ಕು, ಅವನದೂ ಹೌದು. ಬೈತಖೋಲ ಬಂದರದಲ್ಲಿ ಬಲೆ ಎಳೆಯೋ ಒಡಿಶಾದವನಿಗಾದರೆ ಕೆಂಪೂ ಪೂರ್ತಿ ಇದೆ. ‘ಹೊರಗಿನವರು’ ಅಂತ ನಾವು ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕ್ತೇವೆ, ಸಂವಿಧಾನ ಹಾಕೋದಿಲ್ಲ.

“ಆ ಹುಡುಗ ಇಲ್ಲೇ ಹುಟ್ಟಿದವನಲ್ವಾ?” ಅಂತ ಯಾರಾದರೂ ಕೇಳೇ ಕೇಳ್ತಾರೆ. ಕೇಳಲಿ. ಪೌರತ್ವದ 5ರಿಂದ 9ನೇ ವಿಧಿಗಳು ಉಳಿದವಕ್ಕಿಂತ ಎರಡು ತಿಂಗಳು ಮೊದಲೇ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಮುಂದಿನದ್ದನ್ನ 11ನೇ ವಿಧಿ ಸಂಸತ್ತಿಗೆ ಬಿಟ್ಟಿತು. 1955ರ ಪೌರತ್ವ ಕಾಯ್ದೆಯ 3ನೇ ಕಲಂ ಈಗ ಹುಟ್ಟನ್ನ ಮೂರು ತುಂಡು ಮಾಡುತ್ತೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದರೆ ಸಾಕು. 1987ರ ಜುಲೈ 1ರಿಂದ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಇಬ್ಬರೂ ನಾಗರಿಕರು, ಅಥವಾ ಒಬ್ಬರು ನಾಗರಿಕರಾಗಿ ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿರಬೇಕು. ಮೊದಲ ತುಂಡಿಗೆ ಸೇರಿದ ಟಿಬೆಟಿಯನ್ನರು ಹುಟ್ಟಿನಿಂದಲೇ ನಾಗರಿಕರು ಅಂತ 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಹೈಕೋರ್ಟು ಹೇಳಿದವು.

ಕಾರವಾರದ ಮಕ್ಕಳಿಗೆ ಬೇರೆ ಗಂಟಿದೆ. ಅಜ್ಜಿ ಕಾಣಕೋಣದಲ್ಲಿ ಪೋರ್ತುಗೀಸರ ಕಾಲದಲ್ಲಿ ಹುಟ್ಟಿದ್ದರೆ? 1961ರ ಡಿಸೆಂಬರ್ 20ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರನ್ನ 1962ರ ಆದೇಶವೊಂದು ಭಾರತದ ನಾಗರಿಕರೆಂದು ಪರಿಗಣಿಸಿತು. ಒಲ್ಲದವರಿಗೆ ಬರೆದುಕೊಡಲು ಒಂದು ತಿಂಗಳ ಅವಕಾಶವಿತ್ತು. ಮಾಜಾಳಿ ಗಡಿಯ ಆಚೀಚೆ ನೆಂಟಸ್ತಿಕೆ ಇರೋ ಮನೆಗಳಲ್ಲಿ ಈ ಪಾಠ ಮಕ್ಕಳಿಗಿಂತ ದೊಡ್ಡವರಿಗೇ ರುಚಿಸಬಹುದು.

ಹೀಗಾಗಿ ಎರಡನೇ ಪಿರಿಯಡ್ಡಿಗೆ ಪ್ರತಿ ಮಗು ಮೂರು ಇಸವಿ ಬರೆಯಲಿ: ಅಜ್ಜಿಯದು, ಅಮ್ಮನದು, ತನ್ನದು. ಯಾವುದು ಯಾವ ನಿಯಮದಡಿ ಬೀಳುತ್ತೆ ಅಂತ ತಾನೇ ಹುಡುಕಲಿ. ಆದರೆ ಚೀಟಿ ಸಂಗ್ರಹಿಸಬೇಡಿ, ಗಟ್ಟಿಯಾಗಿ ಓದಿಸಬೇಡಿ, ಮನೆಯಿಂದ ಕಾಗದಪತ್ರ ತರೋಕೆ ಹೇಳಲೇಬೇಡಿ. ಒಂದು ಮಗುವಿನ ಕಡೆ ಇಡೀ ಕ್ಲಾಸು ತಿರುಗಿ ನೋಡಿದರೆ ಪಾಠ ಅಲ್ಲಿಗೇ ಕೆಟ್ಟಿತು.

“ಆಧಾರ್ ಇದೆಯಲ್ಲ” ಅನ್ನೋ ಮಾತು ಬಂದೇ ಬರುತ್ತೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸ ಮಾಡಿದ ವಿದೇಶಿಯೂ ಆಧಾರ್ ಪಡೆಯಬಹುದು. ಅದು ಪೌರತ್ವದ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತೆ. ಜನನ ಪ್ರಮಾಣಪತ್ರ ಹುಟ್ಟಿದ ದಿನ, ಜಾಗ ತೋರಿಸುತ್ತೆ; ಅಪ್ಪ ಅಮ್ಮ ನಾಗರಿಕರೋ ಅಲ್ಲವೋ ಅದರಲ್ಲಿ ಇರೋದಿಲ್ಲ.

ಪಿಯುಸಿ ಮಕ್ಕಳಿಗೆ ಇದು ಬರೀ ಪರೀಕ್ಷೆಯ ವಿಷಯವಲ್ಲ. 17 ತುಂಬಿದವರು ಮತದಾರರ ಪಟ್ಟಿಗೆ ಫಾರಂ 6ರಲ್ಲಿ ಮುಂಗಡ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕರಲ್ಲಿ 18 ತುಂಬಿದ ಮೇಲೆ ಬರುವ ಮೊದಲ 1ನೇ ತಾರೀಕೇ ಅವರ ಅರ್ಹತಾ ದಿನ. ಆ ಫಾರಂನಲ್ಲಿ ‘ನಾನು ಭಾರತದ ನಾಗರಿಕ’ ಅಂತ ಘೋಷಿಸಬೇಕು. ಗೊತ್ತಿದ್ದೂ ಸುಳ್ಳು ಬರೆದರೆ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಇದೆ. ಸೈಬರ್ ಅಂಗಡಿಯವನು ಟಿಕ್ ಹಾಕಿ ಮುಗಿಸೋ ಮೊದಲು ಆ ಸಾಲನ್ನ ನೀವೇ ಒಮ್ಮೆ ಓದ್ಕೊಳ್ಳಿ.