ಓವರ್‌ಕ್ಲಾಕಿಂಗ್: ವೇಗವೆಷ್ಟು, ಕಾವೆಷ್ಟು

ಕೇಳುಗರಿಗೆ ನಮಸ್ಕಾರ. ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಕಂಪ್ಯೂಟರಿನ ಚಿಪ್ ಓಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂತು. ಮದರ್‌ಬೋರ್ಡಿನ ಬಸ್, ಅಂದರೆ ಚಿಪ್ಪುಗಳ ನಡುವೆ ಮಾಹಿತಿ ಓಡಾಡುವ ದಾರಿಯ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಪುಕ್ಕಟೆಯಾಗಿ ಒಂದೂವರೆ ಪಟ್ಟು! ಇವತ್ತು ಆ ಮಟ್ಟದ ಲಾಭವಿಲ್ಲ. ಟರ್ಬೊ, ಬೂಸ್ಟ್ ಎಂದು ವೇಗ ತಾನಾಗಿ ಏರುವ ವ್ಯವಸ್ಥೆ ಇಟ್ಟು ಕಂಪನಿಗಳೇ ಚಿಪ್ಪಿನ ಕಸುವನ್ನು ಬಹುಪಾಲು ಹಿಂಡಿ ಕೊಟ್ಟಿರುತ್ತವೆ.

ಲೆಕ್ಕ ನೋಡಿ. ಚಿಪ್ ನುಂಗುವ ವಿದ್ಯುತ್ತು ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ನುಂಗಿದ ವಿದ್ಯುತ್ತೇ ಕಾವಾಗುತ್ತದೆ. 4.7 ಗಿಗಾಹರ್ಟ್ಸ್‌ನಿಂದ 5ಕ್ಕೆ ಹೋಗಲು 1.25 ವೋಲ್ಟನ್ನು 1.40 ಮಾಡಬೇಕಾಯಿತು ಎನ್ನಿ. ವೇಗ ಹೆಚ್ಚಿದ್ದು ಶೇ. 6, ಕಾವು ಹೆಚ್ಚಿದ್ದು ಶೇ. 33. ಕೂಲರ್ ತಡೆಯದಿದ್ದರೆ 95–100 ಡಿಗ್ರಿಯಲ್ಲಿ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೋಣೆ 12 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ ಸರಿಯಿದ್ದ ಸೆಟ್ಟಿಂಗ್ ರಾಯಚೂರಿನ ಮೇ ತಿಂಗಳಲ್ಲಿ ಕೈಕೊಡುವುದು ಇದಕ್ಕೇ.

ಹಾಗಾಗಿ ಮೊದಲು ರ್‍ಯಾಮ್ ನೋಡಿ. 3200 ಎಂದು ಬರೆದ ಡಿಡಿಆರ್4 ರ್‍ಯಾಮ್ ಎಷ್ಟೋ ಕಂಪ್ಯೂಟರುಗಳಲ್ಲಿ 2133ರಲ್ಲೇ ತೆವಳುತ್ತಿರುತ್ತದೆ. ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ, ಬರೆದ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ಎರರ್ ಬಂದರೂ ವೇಗ ಇಳಿಸಿ. ರ್‍ಯಾಮಿನ ತಪ್ಪು ಯಾವಾಗಲೂ ನೀಲಿ ಪರದೆ ತೋರಿಸುವುದಿಲ್ಲ, ಸದ್ದಿಲ್ಲದೆ ಫೈಲುಗಳನ್ನೂ ಕೆಡಿಸುತ್ತದೆ. ಮದುವೆ ಫೋಟೊ, ಟ್ಯಾಲಿ ಲೆಕ್ಕ ಇರುವ ಕಂಪ್ಯೂಟರಿಗೆ ಬ್ಯಾಕಪ್ ಇಲ್ಲದೆ ಕೈಹಾಕಬೇಡಿ.

ಪ್ರೊಸೆಸರಿನ ವೇಗ ಏರಿಸಲು ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಅಕ್ಷರವೂ ಝಡ್ ಸರಣಿಯ ಬೋರ್ಡೂ ಬೇಕು. ಎಎಂಡಿ ಕಂಪನಿಯ ರೈಜನ್‌ಗೆ ಬಿ ಸರಣಿಯ ಬೋರ್ಡ್ ಸಾಕು. ಮೂಲ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂದು ಹೇಳುವ ಮಲ್ಟಿಪ್ಲೈಯರನ್ನು ಒಂದೊಂದೇ ಅಂಕ, ಅಂದರೆ 100 ಮೆಗಾಹರ್ಟ್ಸ್‌ನಂತೆ ಏರಿಸಿ. ಪ್ರತಿ ಸಲ ಪ್ರೊಸೆಸರನ್ನು ದುಡಿಸಿ ಪರೀಕ್ಷಿಸುವ ಸಿನೆಬೆಂಚ್ ಅರ್ಧ ಗಂಟೆ ಓಡಿಸಿ ತಾಪಮಾನ ಗಮನಿಸಿ. ವೋಲ್ಟೇಜನ್ನು ಆಟೋದಲ್ಲಿ ಬಿಡಬೇಡಿ, ಕೆಲವು ಬೋರ್ಡುಗಳು ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತವೆ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್ಪುಗಳು ಸುಟ್ಟು ಉಬ್ಬಿದಾಗ ಎಎಂಡಿ ಕಂಪನಿ ಎಸ್‌ಒಸಿ, ಅಂದರೆ ಚಿಪ್ಪಿನ ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜಿಗೆ 1.3ರ ಮಿತಿ ಹಾಕಬೇಕಾಯಿತು. ನೀವೇ ವೋಲ್ಟೇಜ್ ಏರಿಸಿ ಚಿಪ್ ಸುಟ್ಟರೆ ವಾರಂಟಿ ನೆಚ್ಚಬೇಡಿ. ಬರೀ ಆನ್ ಆಗದೆ ನಿಂತಿದ್ದರೆ ಗಾಬರಿಯೂ ಬೇಡ: ಪವರ್ ತೆಗೆದು, ಬೋರ್ಡಿನ ಗುಂಡಿ ಸೆಲ್ಲನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಬಯಾಸ್ ಮೊದಲಿನಂತಾಗುತ್ತದೆ.

ನನ್ನನ್ನು ಕೇಳಿದರೆ ಈಗಿನ ಚಿಪ್ಪುಗಳಲ್ಲಿ ವೋಲ್ಟೇಜ್ ಇಳಿಸುವುದರಲ್ಲೇ ಹೆಚ್ಚು ಲಾಭವಿದೆ. ರೈಜನ್ 5000 ಇದ್ದರೆ ವೋಲ್ಟೇಜ್ ಇಳಿಸುವ ಬಯಾಸ್ ಸೆಟ್ಟಿಂಗ್ ಆದ ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ 10ರಿಂದ ಶುರುಮಾಡಿ. ಚಿಪ್ ತಣ್ಣಗಿದ್ದು ಬೂಸ್ಟ್ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಟೆಸ್ಟ್ ಎಲ್ಲ ಪಾಸಾಗಿಯೂ ಸುಮ್ಮನೆ ಕೂತ ಕಂಪ್ಯೂಟರ್ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆದರೆ ಮೈನಸ್ 5ಕ್ಕೆ ಬನ್ನಿ.